ಮುಂಬೈಯಲ್ಲಿ ವಿಮಾನ ಬದಲಿಸುವವರಿಗೆ: ವೀಲ್‌ಚೇರ್ ಎಲ್ಲಿಯವರೆಗೆ ಬರುತ್ತದೆ?

ಮಂಗಳೂರಿನಿಂದ ಮುಂಬೈಗೆ ಒಂದು ವಿಮಾನ, ಅಲ್ಲಿಂದ ಲಂಡನ್ನಿಗೆ ಇನ್ನೊಂದು. ಕಂಪನಿಗಳು ಬೇರೆ, ಪಿಎನ್‌ಆರ್ ಬೇರೆ. ಮಂಡಿನೋವಿನ ತಾಯಿಯನ್ನು ಕರೆದುಕೊಂಡು ಹೊರಟವರು ಇಂಥ ಟಿಕೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ತೆಗೆದುಕೊಳ್ಳಬೇಡಿ. "ವೀಲ್‌ಚೇರ್ ಕೊನೆಯವರೆಗೂ ಇರುತ್ತದೆ, ಚಿಂತೆ ಬಿಡಿ" ಎಂದು ನಮ್ಮ ಏಜೆಂಟ್ ಮಾತು ಕೊಟ್ಟಿದ್ದ.

ಮುಂಬೈಯಲ್ಲಿ ವಿಮಾನ ಏರೋಬ್ರಿಜ್‌ಗೆ (ಬಾಗಿಲಿನಿಂದ ನೇರ ಟರ್ಮಿನಲ್‌ಗೆ ನಡೆದುಹೋಗುವ ಸೇತುವೆ) ಹೋಗದೆ ದೂರದಲ್ಲಿ ನಿಂತಿತು. ಎಲ್ಲರೂ ಮೆಟ್ಟಿಲಿಳಿದು ಬಸ್ಸು ಹತ್ತಿದರು. ಅಮ್ಮನಿಗೆ ಒಂದು ಮೆಟ್ಟಿಲೂ ಇಳಿಯಲಾಗದು. ಆದರೆ ಸಿಬ್ಬಂದಿಯ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಡಬ್ಲ್ಯುಸಿಎಚ್‌ಆರ್' ಎಂದಿತ್ತು. ಮೆಟ್ಟಿಲು ಹತ್ತಿ ಇಳಿಯಬಲ್ಲವರಿಗೆ ಹಾಕುವ ಸಂಕೇತ ಅದು. ಮೆಟ್ಟಿಲು ಆಗದವರಿಗೆ 'ಡಬ್ಲ್ಯುಸಿಎಚ್‌ಎಸ್', ಸೀಟಿನವರೆಗೂ ಕುರ್ಚಿಯಲ್ಲೇ ಒಯ್ಯಬೇಕಾದವರಿಗೆ 'ಡಬ್ಲ್ಯುಸಿಎಚ್‌ಸಿ'. ನಾವು ಬಾಯಿಬಿಟ್ಟು ಹೇಳಿದ್ದನ್ನು ಏಜೆಂಟ್ ಬರೆಸಿರಲಿಲ್ಲ. ಕುರ್ಚಿಯಲ್ಲಿದ್ದವರನ್ನು ವಿಮಾನದ ಬಾಗಿಲಿನಿಂದ ಕೆಳಗಿಳಿಸುವ ಲಿಫ್ಟ್ ವಾಹನ ಆಂಬುಲಿಫ್ಟ್ ಬರುವಷ್ಟರಲ್ಲಿ ಗುಡಿಸುವವರು ಒಳಬಂದು, ಸೀಟುಗಳ ಜೇಬಿನಿಂದ ಬಾಟಲಿಗಳನ್ನು ಹೆಕ್ಕಲು ಶುರುಮಾಡಿದ್ದರು. ಅಮ್ಮ ಮುಂದಿನ ಸಾಲಿನಲ್ಲಿ ಚೀಲ ಅಪ್ಪಿಕೊಂಡು ಕೂತಿದ್ದರು.

ಒಂದನೇ ಟರ್ಮಿನಲ್‌ನಲ್ಲಿ ಲಗೇಜು ಸಿಕ್ಕಿದ ಕೂಡಲೇ ಕುರ್ಚಿ ತಳ್ಳುತ್ತಿದ್ದ ಹುಡುಗ ಹೊರಬಾಗಿಲಲ್ಲಿ ಅಮ್ಮನನ್ನು ಎಬ್ಬಿಸಿ, ಖಾಲಿ ಕುರ್ಚಿಯೊಂದಿಗೆ ಒಳಗೆ ಹೋದ. ಅವನನ್ನು ದೂರುವುದಿಲ್ಲ. ಆ ಕಂಪನಿಯ ಟಿಕೆಟ್ ಅಲ್ಲಿಗೆ ಮುಗಿದಿತ್ತು. ಲಂಡನ್ ವಿಮಾನ ಹೊರಡುವುದು ಎರಡನೇ ಟರ್ಮಿನಲ್‌ನಿಂದ, ಅದಿರುವುದು ಸಹಾರ್ ಕಡೆ. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನಕ್ಕೆ ಒಪ್ಪಿಸುವ ಹೊಣೆ ಅವರದೇ ಆಗಿರುತ್ತಿತ್ತು.

ನಡುವೆ ಸಾಕಷ್ಟು ಸಮಯವಿದ್ದುದರಿಂದ ಟ್ಯಾಕ್ಸಿಯನ್ನು ವಿಲೆ ಪಾರ್ಲೆ ಪೂರ್ವಕ್ಕೆ ತಿರುಗಿಸಿದೆವು. ಸ್ಟೇಷನ್ ಹತ್ತಿರದ ಪುಟ್ಟ ಉಡುಪಿ ಹೋಟೆಲಿನಲ್ಲಿ ಕಂಡ ಮರ್ಯಾದೆ ಇಡೀ ಪ್ರಯಾಣದಲ್ಲಿ ಬೇರೆಲ್ಲೂ ಕಾಣಲಿಲ್ಲ. ಗಲ್ಲಾದಲ್ಲಿದ್ದವರು ನಮ್ಮ ಮಾತು ಕೇಳಿ "ಊರು ಯಾವುದು ಅಮ್ಮಾ?" ಎಂದು ಕನ್ನಡದಲ್ಲೇ ವಿಚಾರಿಸಿದರು. ಹುಡುಗನಿಂದ ಇನ್ನೊಂದು ಸ್ಟೂಲ್ ತರಿಸಿ ಅಮ್ಮನ ಕಾಲು ಚಾಚಲು ಅನುವು ಮಾಡಿಕೊಟ್ಟರು. ಕೈಗೆ ಅಂಟದ ಮೆತ್ತನೆಯ ಇಡ್ಲಿ, ಬಾಳೆಹಣ್ಣಿನ ಘಮವಿದ್ದ ಬಿಸಿ ಬನ್ಸ್, ಅದಕ್ಕೆ ಗಟ್ಟಿ ಚಟ್ನಿ. ಸಾಂಬಾರನ್ನು ಕೇಳುವ ಮೊದಲೇ ಮತ್ತೆ ಬಡಿಸಿದರು. ಗಿಜಿಗಿಜಿ ಜನ, ಮೇಜು ಹಂಚಿಕೊಂಡೇ ಕೂರಬೇಕು. ಆದರೂ ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ಬಿಲ್ಲು ಇನ್ನೂರು ರೂಪಾಯಿ ದಾಟಲಿಲ್ಲ.

ಎರಡನೇ ಟರ್ಮಿನಲ್‌ನ ನಿರ್ಗಮನ ದ್ವಾರ ನಾಲ್ಕನೇ ಹಂತದಲ್ಲಿದೆ. ಟ್ಯಾಕ್ಸಿಯವನಿಗೆ ಅಲ್ಲಿಯೇ ನಿಲ್ಲಿಸಲು ಹೇಳಿ, ಒಬ್ಬರು ಅಮ್ಮನ ಜೊತೆ ಉಳಿದು ಇನ್ನೊಬ್ಬರು ಕೌಂಟರಿಗೆ ಹೋಗಿ ಕುರ್ಚಿ ತರಿಸಿ. ನಡೆಯಲಾಗದವರಿಗೆ ಈ ಸೇವೆ ಉಚಿತ. ತಳ್ಳುವವರು ಭಕ್ಷೀಸು ಕೇಳಿದರೆ ಕೊಡಲೇಬೇಕೆಂದಿಲ್ಲ; ಇಮಿಗ್ರೇಷನ್‌ನಲ್ಲಿ ಅಮ್ಮನಿಗೆ ನೀರು ತಂದುಕೊಟ್ಟ ಹುಡುಗನಿಗೆ ನಾವು ಮನಸಾರೆ ಕೊಟ್ಟೆವು.

"ಸ್ವಲ್ಪ ದೂರ ನಡೆಯಲಿ ಬಿಡಿ" ಎನ್ನುವವರ ಮಾತು ಕೇಳಬೇಡಿ. 2024ರ ಫೆಬ್ರುವರಿಯಲ್ಲಿ ಇದೇ ನಿಲ್ದಾಣದಲ್ಲಿ ಕುರ್ಚಿ ಸಾಲದೆ, ಹೆಂಡತಿಯ ಕುರ್ಚಿಯ ಜೊತೆ ಇಮಿಗ್ರೇಷನ್‌ವರೆಗೆ ನಡೆದ ವೃದ್ಧರೊಬ್ಬರು ಕುಸಿದು ತೀರಿಕೊಂಡರು. ವಿಮಾನಯಾನದ ಮೇಲ್ವಿಚಾರಣೆ ನಡೆಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ಆ ವಿಮಾನ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು.

ಕನಿಷ್ಠ 48 ಗಂಟೆ ಮುಂಚೆ ಕಂಪನಿಗೆ ನೀವೇ ಫೋನ್ ಮಾಡಿ, ಯಾವ ಸಂಕೇತ ಹಾಕಿದ್ದಾರೆಂದು ಓದಿಸಿ ಕೇಳಿ. ಈಗ ನವಿ ಮುಂಬೈ ನಿಲ್ದಾಣವೂ ತೆರೆದಿರುವುದರಿಂದ ಟಿಕೆಟ್‌ನಲ್ಲಿ 'ಬಿಓಎಂ' (ಹಳೆಯ ಮುಂಬೈ ನಿಲ್ದಾಣ) ಇದೆಯೋ 'ಎನ್‌ಎಂಐ' (ನವಿ ಮುಂಬೈ) ಇದೆಯೋ ನೋಡಿಕೊಳ್ಳಿ. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಡುವ ಟಿಕೆಟ್ ಆಗಿದ್ದರೆ ಬದಲಿಸಿಕೊಳ್ಳಿ.