ಕ್ವಾನ್‌ಝೌಗೆ ಒಂದು ದಿನ ಸಾಲದು

ಟಿಕೆಟ್ ಹುಡುಕುವಾಗ ಊರಿನ ಹೆಸರನ್ನು ಎರಡು ಸಲ ನೋಡಿ. ಗುವಾಂಗ್‌ಝೌ ಬೇರೆ, ಕ್ವಾನ್‌ಝೌ ಬೇರೆ. ನಾನು ಹೇಳುತ್ತಿರುವುದು ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ, ತೈವಾನ್ ಜಲಸಂಧಿಯ ದಡದಲ್ಲಿರುವ ಕ್ವಾನ್‌ಝೌ. ಅಲ್ಲಿಯವರ ಬಾಯಲ್ಲಿ ಅದು ‘ಚ್ವೆನ್‌ಜೋ’. ಟ್ಯಾಕ್ಸಿಯವರಿಗೆ ಹಾಗೆ ಹೇಳಿದರೇ ಗೊತ್ತಾಗುವುದು.

ನನ್ನ ಗೆಳೆಯನದು ಗ್ರಾನೈಟ್ ವ್ಯಾಪಾರ. ಮಾರ್ಚ್‌ನಲ್ಲಿ ಶಿಯಾಮೆನ್‌ನ ಕಲ್ಲಿನ ಮೇಳಕ್ಕೆ ಅವನು ಹೊರಟಾಗ ನಾನೂ ಜೊತೆಗೆ ಹೋದೆ. ಕ್ವಾನ್‌ಝೌ ಪಕ್ಕದಲ್ಲೇ ಇದೆ, ಬೆಳಿಗ್ಗೆ ಹೋಗಿ ಸಂಜೆ ಬಂದರಾಯಿತು ಅಂದುಕೊಂಡಿದ್ದೆವು. ಮೂರು ದಿನ ಉಳಿದೆವು. ನೀವು ಹೋಗುವುದಾದರೆ ಮೊದಲೇ ಮೂರು ದಿನ ತೆಗೆದಿಡಿ.

ಬೆಂಗಳೂರಿನಿಂದ ಸಿಂಗಪುರ ಅಥವಾ ಕೌಲಾಲಂಪುರದ ಮೇಲೆ ಶಿಯಾಮೆನ್ ಸೇರಿದರೆ, ಅಲ್ಲಿಂದ ಬುಲೆಟ್ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಆದರೆ ಒಂದು ಎಚ್ಚರಿಕೆ. ಕ್ವಾನ್‌ಝೌ, ಕ್ವಾನ್‌ಝೌ ದಕ್ಷಿಣ, ಕ್ವಾನ್‌ಝೌ ಪೂರ್ವ ಅಂತ ಮೂರು ಬೇರೆ ಬೇರೆ ಸ್ಟೇಷನ್‌ಗಳಿವೆ. ನಾವು ದಕ್ಷಿಣದಲ್ಲಿ ಇಳಿದೆವು. ಅದಿರುವುದು ಪಕ್ಕದ ಜಿನ್‌ಜಿಯಾಂಗ್ ಎಂಬ ಊರಿನ ಕಡೆಗೆ. ಹಳೇ ಪೇಟೆಯ ಹೋಟೆಲಿಗೆ ಹೋಗಲು ಮಳೆಯಲ್ಲಿ ಮತ್ತೆ ಟ್ಯಾಕ್ಸಿ ಹಿಡಿಯಬೇಕಾಯಿತು. ರೈಲು ಟಿಕೆಟ್ ಪಾಸ್‌ಪೋರ್ಟ್ ನಂಬರಿನ ಮೇಲೆ ಇರುತ್ತದೆ. ಆಟೊಮ್ಯಾಟಿಕ್ ಗೇಟ್ ತೆರೆಯದಿದ್ದರೆ ಗಾಬರಿ ಬೇಡ, ಪಕ್ಕದಲ್ಲಿ ಸಿಬ್ಬಂದಿ ಇರುವ ಗೇಟಿಗೆ ಹೋಗಿ.

ಮೊದಲ ದಿನ ಪೂರ್ತಿ ಹಳೇ ಪೇಟೆಗೆ ಇರಲಿ. ಪಶ್ಚಿಮ ಬೀದಿಯ ಕೈಯುವಾನ್ ದೇವಾಲಯ ಕ್ರಿ.ಶ. 686ರಲ್ಲಿ ಶುರುವಾದ ಬೌದ್ಧ ಮಂದಿರ. ಜನರೆಲ್ಲ ಎರಡು ಕಲ್ಲಿನ ಗೋಪುರಗಳ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನೀವು ಮುಖ್ಯ ಮಂದಿರದ ಹಿಂದಿನ ಜಗಲಿಗೆ ಹೋಗಿ. ಅಲ್ಲಿ ಹದಿನಾರು ಮುಖದ ಎರಡು ಕಂಬಗಳಿವೆ. ಹತ್ತಿರ ಹೋಗಿ ನೋಡಿದರೆ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಿರುವ ನರಸಿಂಹ! ಇನ್ನೊಂದು ಕಡೆ ಕಾಳಿಂಗಮರ್ದನ, ಗೋಪಿಯರ ಸೀರೆ ಕದ್ದ ಕೃಷ್ಣ, ಮೊಸಳೆ ಹಿಡಿದ ಗಜೇಂದ್ರ. ಸುತ್ತ ಚೀನೀ ಅಜ್ಜಿಯರು ಊದುಬತ್ತಿ ಹಚ್ಚುತ್ತಿದ್ದರು. ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಕೇಳಿದ್ದನ್ನು ಅಷ್ಟು ದೂರದಲ್ಲಿ ಕಲ್ಲಿನಲ್ಲಿ ಕಂಡಾಗ ನನಗೆ ಗಂಟಲು ಕಟ್ಟಿತು.

ಹಾಗೆ ಬಂದದ್ದು ಹೇಗೆ ಅಂದರೆ, ಸಾಂಗ್ ಮತ್ತು ಯುವಾನ್ ರಾಜವಂಶಗಳ ಕಾಲದಲ್ಲಿ, ಅಂದರೆ ಸುಮಾರು 10ರಿಂದ 14ನೇ ಶತಮಾನದವರೆಗೆ, ಈ ಊರು ದೊಡ್ಡ ಬಂದರು. ಅರಬರು ಇದನ್ನು ಜೈತೂನ್ ಅಂತ ಕರೆಯುತ್ತಿದ್ದರು. ದಕ್ಷಿಣ ಭಾರತದ ವರ್ತಕರೂ ಇಲ್ಲಿ ನೆಲೆಸಿ ಗುಡಿ ಕಟ್ಟಿಸಿದ್ದರು. 1281ರ ತಮಿಳು ಶಾಸನವೊಂದು ಇಲ್ಲಿ ಸಿಕ್ಕಿದೆ. ಗುಡಿ ಹಾಳಾದ ಮೇಲೆ ಅದರ ಕಲ್ಲುಗಳನ್ನು ಆಮೇಲೆ ಬಂದ ಮಿಂಗ್ ರಾಜರ ಕಾಲದಲ್ಲಿ ಬೌದ್ಧ ಮಂದಿರದ ದುರಸ್ತಿಗೆ ಬಳಸಿಕೊಂಡರು. ಉಳಿದ ಎಷ್ಟೋ ಕೆತ್ತನೆಗಳು ಕಡಲ ವ್ಯಾಪಾರದ ಮ್ಯೂಸಿಯಂನಲ್ಲಿವೆ. ಅದಕ್ಕೆ ಸೋಮವಾರ ರಜ. 1974ರಲ್ಲಿ ಕೆಸರಿನಿಂದ ಎತ್ತಿದ ಸಾಂಗ್ ಕಾಲದ ಹಡಗನ್ನು ಕೈಯುವಾನ್ ಆವರಣದಲ್ಲೇ ನೋಡಬಹುದು. ಅದರೊಳಗೆ ಕಾಳುಮೆಣಸೂ ಸಿಕ್ಕಿತ್ತು. 1009ರ ಚಿಂಗ್‌ಜಿಂಗ್ ಮಸೀದಿಯೂ ನಡೆದು ಹೋಗುವಷ್ಟು ದೂರದಲ್ಲಿದೆ. 2021ರಲ್ಲಿ ಯುನೆಸ್ಕೊ ಇವನ್ನೆಲ್ಲ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ನಡೆಯುವಾಗ ಹಿಂದೆ ನೋಡುತ್ತಿರಿ, ಎಲೆಕ್ಟ್ರಿಕ್ ಸ್ಕೂಟರ್‌ಗಳು ಸದ್ದೇ ಇಲ್ಲದೆ ಬರುತ್ತವೆ.

ಎರಡನೇ ದಿನ ಲುವೊಯಾಂಗ್ ಸೇತುವೆ. ನೀರು ಇಳಿದ ಹೊತ್ತಿಗೇ ಹೋಗಿ. 1053ರಿಂದ 1059ರವರೆಗೆ ಕಟ್ಟಿದ ಈ ಕಲ್ಲಿನ ಸೇತುವೆಯ ಕಂಬಗಳಿಗೆ ಕಟ್ಟಿದವರು ಬೇಕಂತಲೇ ಆಯ್ಸ್ಟರ್ ಬೆಳೆಸಿದರು. ಬಂಡೆಗೆ ಅಂಟಿ ಬೆಳೆಯುವ ಸಿಂಪಿ ಅದು. ಕಲ್ಲನ್ನೂ ಕಲ್ಲನ್ನೂ ಗಾರೆಯಂತೆ ಬೆಸೆಯುತ್ತದೆ. ನೀರು ತುಂಬಿದ್ದರೆ ಇದೇನೂ ಕಾಣುವುದಿಲ್ಲ. ಮಧ್ಯಾಹ್ನ ಶುನ್‌ಪು ಎಂಬ ಮೀನುಗಾರರ ಹಳ್ಳಿಗೆ ಹೋದೆವು. ಅಲ್ಲಿ ಮನೆಯ ಗೋಡೆಗಳೇ ಸಿಂಪಿಯ ಚಿಪ್ಪಿನವು. ಹೆಂಗಸರು ತುರುಬಿನ ಸುತ್ತ ತಾಜಾ ಹೂವಿನ ದಂಡೆಗಳನ್ನು ಸುತ್ತು ಸುತ್ತಾಗಿ ಮುಡಿಯುತ್ತಾರೆ. ದುಡ್ಡು ಕೊಟ್ಟರೆ ಪ್ರವಾಸಿಗರಿಗೂ ಮುಡಿಸುತ್ತಾರೆ. ಶನಿವಾರ, ಭಾನುವಾರ ಜನ ಜಾಸ್ತಿ.

ಮೂರನೇ ದಿನವನ್ನು ದಯವಿಟ್ಟು ಕಾರ್ಖಾನೆಗಳ ಕಡೆಗೆ ಇಡಿ. ಈ ಜಿಲ್ಲೆಯ ಒಂದೊಂದು ಊರಿಗೆ ಒಂದೊಂದು ಕಸುಬು. ಜಿನ್‌ಜಿಯಾಂಗ್‌ನಲ್ಲಿ ಶೂ (ಆಂಟಾ ಕಂಪನಿ ಇಲ್ಲಿಯದೇ), ಶಿಶಿಯಲ್ಲಿ ಬಟ್ಟೆ, ನಾನ್‌ಆನ್‌ನಲ್ಲಿ ನೀರಿನ ನಲ್ಲಿ, ಹುಯಿಆನ್‌ನಲ್ಲಿ ಕಲ್ಲಿನ ಕೆತ್ತನೆ, ದೆಹುವಾದಲ್ಲಿ ಬಿಳಿ ಪಿಂಗಾಣಿ. 1978ರಲ್ಲಿ ಚೀನಾದಲ್ಲಿ ಆರ್ಥಿಕ ಸುಧಾರಣೆ ಶುರುವಾದ ಮೇಲೆ ಇಲ್ಲಿನ ಜನ ಖಾಲಿ ಬಿದ್ದ ಮನೆಯಲ್ಲೇ ಹೊಲಿಗೆ ಮೆಷಿನ್ ಹಾಕಿ ಶುರು ಮಾಡಿದರು. ಆಗ್ನೇಯ ಏಷ್ಯಾಕ್ಕೆ ವಲಸೆ ಹೋಗಿದ್ದ ನೆಂಟರು ಕಳಿಸಿದ ಹಣವೇ ಎಷ್ಟೋ ಜನರಿಗೆ ಬಂಡವಾಳ. 2020ರಲ್ಲಿ ಈ ಜಿಲ್ಲೆಯ ಜಿಡಿಪಿ ಒಂದು ಲಕ್ಷ ಕೋಟಿ ಯುವಾನ್ (ಚೀನಾದ ಹಣ) ದಾಟಿತು. ಗೆಳೆಯನ ಜೊತೆ ನಾನು ಹೋದದ್ದು ನಾನ್‌ಆನ್‌ಗೆ ಸೇರಿದ ಶುಯಿತೌ ಎಂಬ ಕಲ್ಲು ವ್ಯಾಪಾರದ ಊರಿಗೆ. ಭಾರತದಿಂದ ಹಡಗೇರಿದ ಗ್ರಾನೈಟ್ ದಿಮ್ಮಿಗಳು ಅಲ್ಲಿ ಹಲಗೆಗಳಾಗಿ ಸಾಲಾಗಿ ನಿಂತಿದ್ದವು. ಅದೇ ಊರಿನ ಅಂಚಿನಲ್ಲಿ 12ನೇ ಶತಮಾನದ ಆನ್‌ಪಿಂಗ್ ಸೇತುವೆ ಇದೆ. ಎರಡು ಕಿಲೋಮೀಟರಿಗೂ ಉದ್ದ, ಪೂರ್ತಿ ಕಲ್ಲು. ಸಂಜೆ ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಿರಿ. ನಡುವೆ ಕೂರಲು ಮಂಟಪಗಳಿವೆ.

ಊಟದ ಮಾತು. ಸಸ್ಯಾಹಾರಿಗಳಿಗೆ ಕಷ್ಟ ಇದೆ, ಸುಳ್ಳು ಹೇಳುವುದಿಲ್ಲ. ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬು, ಒಣ ಸಿಗಡಿ ಬೀಳುತ್ತದೆ. ‘ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ’ ಅಂತ ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ದೇವಾಲಯಗಳ ಹತ್ತಿರ ಬೌದ್ಧರ ಸಸ್ಯಾಹಾರಿ ಹೋಟೆಲುಗಳಿರುತ್ತವೆ, ಅವನ್ನು ನಂಬಬಹುದು. ಕಡಲೆಕಾಯಿಯ ಸಿಹಿ ಸೂಪ್ ಬಿಡಬೇಡಿ. ಚಟ್ನಿಪುಡಿ, ಅವಲಕ್ಕಿ ನಮ್ಮನ್ನು ಎರಡು ರಾತ್ರಿ ಕಾಪಾಡಿದವು.

ವೀಸಾ ಹೊರಡುವ ಮೊದಲೇ ಆಗಿರಬೇಕು. ಫೋನಿನಲ್ಲೇ ಹಣ ಕೊಡುವ ಅಲಿಪೇ ಆ್ಯಪ್‌ಗೆ ಕಾರ್ಡ್ ಜೋಡಿಸುವುದನ್ನೂ ಇಲ್ಲೇ ಮುಗಿಸಿ, ಬೀದಿ ಬದಿಯ ಹಣ್ಣಿನವರೂ ಅದರಲ್ಲೇ ತೆಗೆದುಕೊಳ್ಳುತ್ತಾರೆ. ಸ್ವಲ್ಪ ಚಿಲ್ಲರೆ ನೋಟೂ ಇರಲಿ. ಅಲ್ಲಿನ ವೈಫೈನಲ್ಲಿ ಗೂಗಲ್, ವಾಟ್ಸ್ಆ್ಯಪ್ ನಡೆಯುವುದಿಲ್ಲ. ನಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಿದ್ದರಿಂದ ಮನೆಗೆ ಮಾತಾಡಲು ತೊಂದರೆ ಆಗಲಿಲ್ಲ. ಮಾರ್ಚ್‌ನಲ್ಲಿ ಜಿಟಿಜಿಟಿ ಮಳೆ, ಬಟ್ಟೆ ಒಣಗುವುದೇ ಇಲ್ಲ. ಬೇಸಿಗೆಯ ಕೊನೆಗೆ ಚಂಡಮಾರುತ. ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ.

ದೆಹುವಾ ಪಿಂಗಾಣಿ ಕೊಂಡರೆ ಕೈಚೀಲದಲ್ಲೇ ತನ್ನಿ. ನಾನು ಅಮ್ಮನಿಗೆ ತಂದ ಎರಡು ಬಟ್ಟಲಲ್ಲಿ ಒಂದು ದೊಡ್ಡ ಬ್ಯಾಗಿನೊಳಗೆ ಒಡೆದುಹೋಗಿತ್ತು.