ಚೀಲಕ್ಕಿಂತ ತೂತಿನದೇ ಕೆಲಸ ಜಾಸ್ತಿ

ಗೆಳೆಯನೊಬ್ಬ ರೇಸಿಗೆಂದು ಹಳೆಯ ಹೋಂಡಾ ಸಿಟಿಯೊಂದನ್ನು ಕೊಂಡುಕೊಂಡ. ಹಿಂದಿನ ಮಾಲೀಕರು ಸೀಟೆಲ್ಲ ಕಿತ್ತು, ಪಲ್ಟಿಯಾದರೂ ಡ್ರೈವರ್‌ನನ್ನು ಕಾಯುವ ಪೈಪುಗಳ ರೋಲ್ ಕೇಜ್ ಹಾಕಿ, ಡಿಕ್ಕಿಯಲ್ಲಿ ಫ್ಯೂಯಲ್ ಸೆಲ್ ಕೂರಿಸಿದ್ದರು. ನೋಡೋಕೆ ಗಾಡಿ ಜೋರಾಗಿಯೇ ಇತ್ತು. ಆದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಪ್ರಾಕ್ಟೀಸಿಗೆ ಇಳಿಸಿದಾಗ ಉದ್ದನೆಯ ತಿರುವುಗಳಲ್ಲಿ ಇಂಜಿನ್ ಮಿಸ್ಸಿಂಗ್ ಶುರುವಾಯಿತು. ನೇರ ರಸ್ತೆಗೆ ಬಂದರೆ ಸರಿ, ತಿರುವು ಬಂದರೆ ಮತ್ತೆ ಅದೇ ರಾಗ. ನೋಡಿದವರೆಲ್ಲ ಪಂಪ್ ಹೋಗಿದೆ ಎಂದರು. ಹೊಸ ಪಂಪ್ ಹಾಕಿಯೂ ಆಯಿತು, ಏನೂ ಬದಲಾಗಲಿಲ್ಲ.

ಗಾಡಿಯನ್ನು ಪೀಣ್ಯದ ಹತ್ತಿರದ ಶೆಡ್ಡಿಗೆ ತಂದೆವು. ಅಲ್ಲಿ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್‌ಗೆ ನಾವೆಲ್ಲ ಭಾಯ್ ಅಂತಲೇ ಕರೆಯುವುದು. ಅವರು ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಪೆಟ್ರೋಲ್ ಫಿಲ್ಟರ್ ಬಿಚ್ಚಿ ಅಂಗೈ ಮೇಲೆ ಬಡಿದರು. ರಸ್ಕ್ ಪುಡಿಯಂಥ ಹಳದಿ ಚೂರುಗಳು ಉದುರಿದವು.

"ಸಾರ್, ಇದು ಪಂಪಿನ ತಪ್ಪಲ್ಲ. ಸೆಲ್ ಬಿಚ್ಚಬೇಕು. ಒಳಗಡೆ ಫೋಮ್ ಸತ್ತೋಗಿದೆ."

ಗೊತ್ತಿಲ್ಲದವರಿಗೆ ಒಂದು ಮಾತು. ಈ ಫ್ಯೂಯಲ್ ಸೆಲ್ ಹೈಡ್ರೋಜನ್‌ನಿಂದ ಕರೆಂಟ್ ತೆಗೆಯುವ ಸಾಧನವಲ್ಲ. ರೇಸ್ ಕಾರಿನ ಪೆಟ್ರೋಲ್ ಟ್ಯಾಂಕ್ ಇದು. ಹೊರಗೆ ಲೋಹದ ಡಬ್ಬ, ಅದರೊಳಗೆ ಗಟ್ಟಿ ನೇಯ್ಗೆಗೆ ರಬ್ಬರ್ ಲೇಪಿಸಿದ ಚೀಲ, ಚೀಲದ ತುಂಬ ಸಣ್ಣ ಸಣ್ಣ ರಂಧ್ರಗಳ ಫೋಮ್. ಗುದ್ದಿದಾಗ ಡಬ್ಬ ನಜ್ಜುಗುಜ್ಜಾದರೂ ಚೀಲ ಹರಿಯದೆ ಆಕಾರ ಬದಲಿಸಿಕೊಳ್ಳುತ್ತದೆ. ಫೋಮ್ ನುಂಗುವ ಜಾಗ ತೀರ ಕಡಿಮೆ, ಆದರೆ ಕೆಲಸ ಎರಡು. ತಿರುವಿನಲ್ಲಿ ಪೆಟ್ರೋಲ್ ಒಂದೇ ಕಡೆ ನುಗ್ಗದಂತೆ ತಡೆಯುತ್ತದೆ. ಅಕಸ್ಮಾತ್ ಕಿಡಿ ಒಳಗೆ ಹೋದರೂ ಬೆಂಕಿ ಒಮ್ಮೆಲೇ ಹರಡಿ ಸಿಡಿಯದಂತೆ ನೋಡಿಕೊಳ್ಳುತ್ತದೆ. ಜಾಸ್ತಿ ಪೆಟ್ರೋಲ್ ಹಿಡಿಸಲಿ ಅಂತ ಫೋಮ್ ತೆಗೆದು ಓಡಿಸುವವರ ಕಥೆ ಕೇಳಿದ್ದೇನೆ. ಅಂಥವರ ಪಕ್ಕ ನನ್ನ ಗಾಡಿ ನಿಲ್ಲಿಸೋಕೂ ನಾನು ತಯಾರಿಲ್ಲ.

ಬಿಚ್ಚುವ ಮೊದಲು ಗಾಡಿಯನ್ನು ಶೆಡ್ಡಿನಿಂದ ಹೊರಗೆ ತಳ್ಳಿದೆವು. ಬ್ಯಾಟರಿ ಕನೆಕ್ಷನ್ ಕಿತ್ತೆವು. ಸ್ಟ್ಯಾಟಿಕ್ ಕರೆಂಟಿನಿಂದ ಕಿಡಿ ಹಾರಬಾರದೆಂದು ಗಾಡಿಯ ಬಾಡಿಗೂ ಪೆಟ್ರೋಲ್ ತುಂಬಿಸಿಕೊಳ್ಳುವ ಲೋಹದ ಕ್ಯಾನಿಗೂ ಒಂದು ವೈರ್ ಕಟ್ಟಿದೆವು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತೆ ಇಟ್ಟುಕೊಂಡೆವು. ಪೆಟ್ರೋಲ್ ಖಾಲಿಯಾದ ಮೇಲೆ ಶೆಡ್ಡಿನ ಹುಡುಗ ಬೇಗ ಆಗಲಿ ಅಂತ ಡ್ರಿಲ್ ಹಿಡಿದು ಬಂದ. ಭಾಯ್ ಕೆಂಡಾಮಂಡಲ. "ಖಾಲಿ ಟ್ಯಾಂಕೇ ಕಣೋ ಮೊದಲು ಸಿಡಿಯೋದು! ಕೈಯಲ್ಲಿ ಸ್ಪ್ಯಾನರ್ ಹಿಡಿಯೋಕೆ ಏನು ರೋಗ?" ಅವರ ಮಾತು ನೂರಕ್ಕೆ ನೂರು ನಿಜ. ತುಂಬಿದ ಟ್ಯಾಂಕಿನಲ್ಲಿ ಆವಿ ಮತ್ತು ಗಾಳಿಗೆ ಜಾಗ ಕಡಿಮೆ. ಆಗತಾನೇ ಖಾಲಿ ಮಾಡಿದ್ದರಲ್ಲಿ ಅವೆರಡೇ ಇರುವುದು.

ಮೇಲಿನ ಪ್ಲೇಟ್ ಎತ್ತಿದರೆ ಭಾಯ್ ಹೇಳಿದ್ದೇ ಆಗಿತ್ತು. ಬೆರಳು ತಾಗಿಸಿದರೆ ಸಾಕು, ಫೋಮ್ ಪುಡಿಪುಡಿ. ವಯಸ್ಸೂ ಒಂದು ಕಾರಣ, ಎಥೆನಾಲ್ ಇನ್ನೊಂದು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರಲ್ಲ, ಈಗ ಬಂಕಿಗೆ ಹೋದರೆ ಸಿಗುವುದು ಅದೇ. ಎಥೆನಾಲ್ ತಾಳದ ಫೋಮ್, ಎಥೆನಾಲ್ ತಾಳದ ಪೈಪು ಇದ್ದರೆ ಅವು ಬೇಗ ಹಾಳಾಗುತ್ತವೆ. ಅದಕ್ಕೆಂದೇ ಬೇರೆ ಜಾತಿಯ ಫೋಮ್ ಸಿಗುತ್ತದೆ. ಕೊಳ್ಳುವಾಗ ಕೇಳಿ ತರಬೇಕು, ಅಷ್ಟೇ.

ಚೀಲದ ಮೇಲಿನ ಅಚ್ಚನ್ನು ಟಾರ್ಚ್ ಹಾಕಿ ಓದಿದೆವು. ಎಫ್‌ಟಿ3-1999, ಅಂದರೆ ಕಾರ್ ರೇಸುಗಳ ಜಾಗತಿಕ ಸಂಸ್ಥೆ ಎಫ್ಐಎ ಮಾನದಂಡದ್ದು. ತಯಾರಾದ ದಿನದಿಂದ 5 ವರ್ಷ ಬಳಸಬಹುದು. ಆಮೇಲೆ ತಯಾರಿಸಿದ ಕಂಪನಿಗೇ ಕಳಿಸಿ, ಅವರು ಪರೀಕ್ಷೆ ಮಾಡಿ ಒಪ್ಪಿದರೆ ಇನ್ನು 2 ವರ್ಷದವರೆಗೆ. ಇದು ಅದನ್ನೂ ದಾಟಿತ್ತು. ಗೆಳೆಯನಿಗೆ ನಂಬಿಕೆ ಬರಲಿಲ್ಲ. "ನೋಡು ಮಗಾ, ಒಂದು ಗೀರೂ ಇಲ್ಲ!" ಎಂದ. ಗೀರು ಇರಲಿಲ್ಲ, ಒಪ್ಪಿದೆ. ಆದರೆ ರಬ್ಬರ್ ಒಳಗೊಳಗೇ ಗಟ್ಟಿಯಾಗುವುದು ಕಣ್ಣಿಗೆ ಕಾಣುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಚೀಲವಲ್ಲ, ಅದರ ಸುತ್ತ ಮಾಡಿದ್ದ ಕೆಲಸ. ಆವಿ ಹೊರಹೋಗುವ ವೆಂಟ್ ಪೈಪು ಡಿಕ್ಕಿಯ ಒಳಗೇ ಮುಗಿದಿತ್ತು! ಅಂದರೆ ಆವಿಯೆಲ್ಲ ಡಿಕ್ಕಿಗೆ. ಡಿಕ್ಕಿಗೂ ಡ್ರೈವರ್‌ಗೂ ನಡುವೆ ಅಲ್ಯೂಮಿನಿಯಂ ಹಾಳೆ ಹೊಡೆದಿದ್ದರು, ಆದರೆ ಹಿಂದಿನ ಗಾಜಿನ ಕೆಳಗೆ ಹಳೆಯ ಸ್ಪೀಕರ್ ಇದ್ದ ದೊಡ್ಡ ತೂತುಗಳಿಗೆ ಸುಮ್ನೆ ಟೇಪ್ ಅಂಟಿಸಿದ್ದರು. ದುಡ್ಡು ಕೊಟ್ಟು ಒಳ್ಳೆಯ ಚೀಲ ತಂದು ಹೀಗೆ ಮಾಡುವುದಾದರೆ ಮೊದಲಿನ ತಗಡಿನ ಟ್ಯಾಂಕೇ ವಾಸಿ ಅಲ್ವಾ?

ಚೀಲದ ಶಕ್ತಿಯ ಬಗ್ಗೆ ಈಗ ಯಾರಿಗೂ ಅನುಮಾನವಿಲ್ಲ. 1964ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸಿನ ಎರಡನೇ ಸುತ್ತಿನಲ್ಲೇ ಡೇವ್ ಮ್ಯಾಕ್‌ಡೊನಾಲ್ಡ್ ಕಾರು ಗೋಡೆಗೆ ಬಡಿದು ಹೊತ್ತಿಕೊಂಡಿತು, ಎಡ್ಡಿ ಸ್ಯಾಕ್ಸ್ ಕಾರು ಅದಕ್ಕೆ ಗುದ್ದಿತು. ಇಬ್ಬರೂ ಉಳಿಯಲಿಲ್ಲ. ಸೇನೆಯ ವಿಮಾನಗಳಲ್ಲಿದ್ದ ರಬ್ಬರ್ ಚೀಲದ ತಂತ್ರ ರೇಸಿಗೆ ಬೇಕೇ ಬೇಕೆನಿಸಿದ್ದು ಇಂಥ ಸಾವುಗಳಿಂದ. 1970ರಲ್ಲಿ ಫಾರ್ಮುಲಾ 1 ಕೂಡ ಅದನ್ನು ಕಡ್ಡಾಯ ಮಾಡಿತು. ಹಾಗಿದ್ದೂ 2020ರ ನವೆಂಬರ್‌ನಲ್ಲಿ ಬಹ್ರೇನ್‌ನಲ್ಲಿ ರೊಮೈನ್ ಗ್ರೋಜಾನ್ ಕಾರು ಬೆಂಕಿಯ ಉಂಡೆಯಾಯಿತು. ಎಫ್ಐಎ ತನಿಖೆ ಹೇಳಿದ್ದೇನು? ಟ್ಯಾಂಕಿನ ತಪಾಸಣೆ ಮುಚ್ಚಳ ಕಳಚಿತ್ತು, ಇಂಜಿನ್‌ಗೆ ಪೆಟ್ರೋಲ್ ಹೋಗುವ ಕನೆಕ್ಷನ್ ಚೀಲದಿಂದ ಕಿತ್ತುಬಂದಿತ್ತು. ಅಷ್ಟು ದೊಡ್ಡ ಟೀಮಿನ ಗಾಡಿಯಲ್ಲೂ ಪೆಟ್ರೋಲಿಗೆ ಹೊರಬರಲು ದಾರಿ ಸಿಕ್ಕಿದ್ದು ತೂತಿನ ಹತ್ತಿರವೇ. ಆತ ಅರ್ಧ ನಿಮಿಷದೊಳಗೆ ಎದ್ದು ಬಂದ, ಪುಣ್ಯ.

ಹೊಸ ಸೆಲ್ ಬಂದ ಮೇಲೆ ಭಾಯ್ ಕೆಲಸ ನಡೆಸಿದ್ದು ಇದೇ ಲೆಕ್ಕದಲ್ಲಿ. ವೆಲ್ಡಿಂಗ್ ಏನಿದ್ದರೂ ಸೆಲ್ ಶೆಡ್ಡಿನೊಳಗೆ ಬರುವ ಮೊದಲೇ ಮುಗಿಯಬೇಕು. ಚೌಕ ಪೈಪಿನ ಫ್ರೇಮ್ ಮಾಡಿ ಎರಡು ಚಾಸಿ ರೈಲುಗಳ ನಡುವೆ, ಹಿಂದಿನ ಬಂಪರಿನಿಂದ ಆದಷ್ಟು ಮುಂದಕ್ಕೆ ಕೂರಿಸಿದರು. ಫ್ರೇಮಿನ ಅಂಚುಗಳನ್ನೆಲ್ಲ ಅರ ಹಾಕಿ ಉಜ್ಜಿ, ಬೆರಳಾಡಿಸಿ ನೋಡಿದರು. ಮೇಲೆ ಲೋಹದ ಪಟ್ಟಿಗಳು, ಪಟ್ಟಿಯ ಕೆಳಗೆ ರಬ್ಬರ್. ಡಬ್ಬಕ್ಕೆ ಒಂದೇ ಒಂದು ಸ್ಕ್ರೂ ಕೂಡ ಹೊಡೆಯಲಿಲ್ಲ. ಚೆಲ್ಲಿದ ಪೆಟ್ರೋಲ್ ನಿಲ್ಲದೆ ಕೆಳಗೆ ಹೋಗಲೆಂದು ಡಿಕ್ಕಿಯ ನೆಲಕ್ಕೆ ಒಂದು ತೂತು ಕೊರೆದರು. ಸ್ಪೀಕರ್ ತೂತುಗಳಿಗೆ ತಗಡು ಹಾಕಿ ರಿವೆಟ್ ಹೊಡೆದು, ಸಂದಿಗೆಲ್ಲ ಬೆಂಕಿ ತಡೆಯುವ ಸೀಲಂಟ್ ತುಂಬಿದರು.

ವೆಂಟ್‌ಗೆ ಅರ್ಧ ದಿನವೇ ಹಿಡಿಯಿತು. ಗಾಡಿ ಪಲ್ಟಿಯಾದರೆ ಒಳಗಿನ ಗುಂಡು ಜಾರಿ ದಾರಿ ಮುಚ್ಚುವ ವಾಲ್ವ್ ಒಂದು ಅದರಲ್ಲಿರುತ್ತದೆ. ಹಾಕುವ ಮೊದಲು ಭಾಯ್ ಅದನ್ನು ನೆಟ್ಟಗೆ ಹಿಡಿದು ಊದಿದರು, ಗಾಳಿ ಹೋಯಿತು. ತಲೆಕೆಳಗು ಮಾಡಿ ಊದಿದರು, ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ. ಆಮೇಲೆ ಪೈಪನ್ನು ಸೆಲ್‌ಗಿಂತ ಎತ್ತರಕ್ಕೆ ಒಯ್ದು, ಸುತ್ತು ಹಾಕಿ, ಸೈಲೆನ್ಸರಿನಿಂದ ದೂರದ ಬದಿಯಲ್ಲಿ ನೆಲದ ಕಡೆಗೆ ಬಿಟ್ಟರು. ಪೆಟ್ರೋಲ್ ಲೈನ್ ಡ್ರೈವರ್ ಪಕ್ಕದಿಂದ ಹೋಗುವುದರಿಂದ ಹಿಂದಿನ ಗೋಡೆಯಿಂದ ಮುಂದಿನ ಗೋಡೆಯವರೆಗೆ ನಡುವೆ ಒಂದೂ ಜೋಡಣೆ ಇಲ್ಲದ ಒಂದೇ ಪೈಪು. ಸೆಲ್ ಮೇಲಿನ ಪ್ಲೇಟಿಗೆ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್. ಬೋಲ್ಟುಗಳನ್ನು ಎದುರುಬದುರಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ, ಕಂಪನಿ ಕೊಟ್ಟ ಹಾಳೆ ನೋಡಿಕೊಂಡು ಬಿಗಿದರು. ಪಂಪಿನ ವೈರಿಂಗ್ ನನ್ನ ಪಾಲಿಗೆ ಬಂತು. ಇಂಜಿನ್ ನಿಂತರೆ ಪಂಪೂ ನಿಲ್ಲಬೇಕು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಸ್ವಲ್ಪವೇ ಪೆಟ್ರೋಲ್ ಹಾಕಿ, ಕೆಳಗೆ ನ್ಯೂಸ್‌ಪೇಪರ್ ಹಾಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಪೇಪರ್ ಒಣಗಿಯೇ ಇತ್ತು, ವಾಸನೆಯೂ ಇರಲಿಲ್ಲ. ಆದರೂ ಭಾಯ್ ಮತ್ತೆ ರೆಂಚ್ ಹಾಕಿದರು. ಗ್ಯಾಸ್ಕೆಟ್ ಕೂತಿದ್ದರಿಂದ ಹೆಚ್ಚುಕಮ್ಮಿ ಎಲ್ಲ ಬೋಲ್ಟುಗಳೂ ಇನ್ನಷ್ಟು ತಿರುಗಿದವು. ಈಗ ಪ್ರತಿ ರೇಸಿನ ಹಿಂದಿನ ವಾರ ಇದೇ ಪಾಠ: ಬೋಲ್ಟು, ವೆಂಟ್, ಫಿಲ್ಟರ್. ಫಿಲ್ಟರಿನಲ್ಲಿ ಹಳದಿ ಚೂರು ಕಂಡರೆ ಸೆಲ್ ಬಿಚ್ಚುವುದು, ಬಿಚ್ಚಿದರೆ ಹೊಸ ಗ್ಯಾಸ್ಕೆಟ್. ರೇಸ್ ಮುಗಿದ ಮೇಲೆ ಪೆಟ್ರೋಲ್ ಪೂರ್ತಿ ತೆಗೆಯುತ್ತೇವೆ. ಅದು ಭಾಯ್ ಬೈಕಿಗೆ ಹೋಗುತ್ತದೆ, ಯಾರೂ ಲೆಕ್ಕ ಕೇಳುವುದಿಲ್ಲ.

ಮಿಸ್ಸಿಂಗ್ ಹೋಯಿತು. ಹಳೆಯ ಚೀಲ ಮಾತ್ರ ಶೆಡ್ಡಿನ ಹಿಂದೆ ಗಾಳಿಗೆ ಬಿದ್ದಿತ್ತು. ಗೆಳೆಯ ಅದನ್ನು ಯಾರಿಗಾದರೂ ಮಾರೋಣ, ಖರ್ಚಾದರೂ ಹುಟ್ಟುತ್ತೆ ಎಂದು ಫೋಟೋ ತೆಗೆಯುತ್ತಿದ್ದ. ಭಾಯ್ ಏನೂ ಹೇಳದೆ ಚಾಕು ತಂದು ಕೊಯ್ಯಲು ನೋಡಿದರು. ಚಾಕು ಇಳಿಯಲಿಲ್ಲ. ಕೊನೆಗೆ ತಗಡು ಕತ್ತರಿಸುವ ಕತ್ತರಿ ಹಿಡಿದು, ಇಬ್ಬರು ಎಳೆದು ಹಿಡಿದು, ತಾರೀಕು ಇದ್ದ ಜಾಗದ ಮೇಲೇ ಎರಡು ತುಂಡು ಮಾಡಿದೆವು. ಗೆಳೆಯ ಮೊಬೈಲ್ ಜೇಬಿಗೆ ಹಾಕಿಕೊಂಡು ಟೀ ಹೇಳಲು ಹೋದ.