ಬೇಸಿಗೆ ಟೈರಿಗೆ ಚಳಿ ಹಿಡಿದ ದಿನ

ಬೆಳಗ್ಗೆ ಆರೂವರೆಗೆ ಹೊರಗೆ 3 ಡಿಗ್ರಿ. ರಾತ್ರಿಯಿಡೀ ಬಯಲಲ್ಲಿ ನಿಂತಿದ್ದ ರಿಯರ್ ವೀಲ್ ಡ್ರೈವ್ ಸ್ಪೋರ್ಟ್ಸ್ ಕಾರು, ನಾಲ್ಕಕ್ಕೂ ಬೆಚ್ಚಗಿನ ಹವೆಗೆಂದೇ ಮಾಡಿದ ಸಮ್ಮರ್ ಟೈರು, ಅಳತೆ 245/40 ಆರ್ 18, ಟ್ರೆಡ್ (ನೆಲಕ್ಕೆ ತಾಗುವ ತೋಡುಗಳ ಪದರ) ಉಳಿದಿದ್ದು 4 ಮಿ.ಮೀ. ಸ್ಟೀರಿಂಗನ್ನು ಕೊನೆಯವರೆಗೂ ತಿರುಗಿಸಿ ಮೆಲ್ಲಗೆ ರಿವರ್ಸ್ ತೆಗೆದರೆ ಮುಂದಿನ ಚಕ್ರಗಳು ಕಟಕಟ ಎಂದು ಕುಪ್ಪಳಿಸತೊಡಗಿದವು. ಮೊದಲ ಸಲ ಕೇಳಿದವರು ಸಸ್ಪೆನ್ಷನ್ ಕೈಕೊಟ್ಟಿತು ಎಂದು ಗಾಬರಿಯಾಗುತ್ತಾರೆ. ಮುರಿದಿರುವುದು ಏನೂ ಇಲ್ಲ. ಪೂರ್ತಿ ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ಕೋನಕ್ಕೆ ತಿರುಗಬೇಕು. ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ವೇಗದ ತಿರುವಿಗೆ ಅನುಕೂಲವಾಗಲೆಂದು ಆ ವ್ಯತ್ಯಾಸವನ್ನು ಕಡಿಮೆ ಇಟ್ಟಿರುತ್ತಾರೆ. ಹಾಗಾಗಿ ಟೈರು ಸ್ವಲ್ಪ ಅಡ್ಡಕ್ಕೆ ಎಳೆಯಲೇಬೇಕು. ಬೆಚ್ಚಗಿದ್ದಾಗ ರಬ್ಬರು ಬಾಗಿ ಅದನ್ನು ನುಂಗಿಕೊಳ್ಳುತ್ತದೆ. ಚಳಿಗೆ ಸೆಟೆದ ರಬ್ಬರು ನೆಲವನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕೇಳಿಸಿದ ಸದ್ದು ಅದೇ.

ಅಂದು ಆ ಕಾರಿಗೆ ಹೊಸ ಟೈರು ಆರಿಸಬೇಕಿತ್ತು. ಮತ್ತೆ ಸಮ್ಮರ್ ಹಾಕುವುದೋ, ಎಲ್ಲ ಕಾಲಕ್ಕೂ ಎಂದು ಮಾಡಿದ ಆಲ್-ಸೀಸನ್‌ಗೆ ಬದಲಿಸುವುದೋ ಎಂಬ ಪ್ರಶ್ನೆ. ಬೆಳಗ್ಗೆ ಕೊರೆಯುವ ಚಳಿ, ಮಧ್ಯಾಹ್ನ ಬಿಸಿಲು, ಸಂಜೆ ಮಳೆ ಒಟ್ಟಿಗೇ ಬಂದ ದಿನವಾದ್ದರಿಂದ ಉತ್ತರ ರಸ್ತೆಯ ಮೇಲೇ ಸಿಕ್ಕಿತು.

ಹೊರಡುವ ಮೊದಲು ಗೇಜು ಹಿಡಿದು ನೋಡಿದಾಗ 33 ಪಿಎಸ್‌ಐ. 20 ಡಿಗ್ರಿ ಇದ್ದ ದಿನ ತುಂಬಿಸಿದ್ದು 36. ಗಾಳಿ ಸೋರಿಲ್ಲ, ಪ್ರತಿ 5-6 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಲೆಕ್ಕ ಸರಿಯಾಗಿದೆ. ಇದನ್ನು ಓಡಿಸುವ ಮೊದಲೇ, ಟೈರು ತಣ್ಣಗಿರುವಾಗಲೇ ಸರಿಮಾಡಬೇಕು. ಇಲ್ಲದಿದ್ದರೆ ಮುಂದೆ ಸ್ಟೀರಿಂಗ್ ಮಂದವಾದರೆ ಅದು ರಬ್ಬರಿನ ತಪ್ಪೋ ಗಾಳಿಯ ತಪ್ಪೋ ತಿಳಿಯುವುದಿಲ್ಲ.

ಮೊದಲ ಒಂದೆರಡು ಕಿಲೋಮೀಟರು ದಡದಡ ಅದುರು. ರಾತ್ರಿ ಭಾರ ಹೊತ್ತು ಚಪ್ಪಟೆಯಾದ ಜಾಗ ದುಂಡಗಾಗಲು ಹಿಡಿಯುವ ಹೊತ್ತು ಅದು. ಖಾಲಿ ನೇರ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿದರೆ, ಒಣ ಡಾಂಬರಿನ ಮೇಲೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಎಂದಿಗಿಂತ ಮೊದಲೇ ಕಾಲಿಗೆ ಗುದ್ದತೊಡಗಿತು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಅರ್ಧ ಒತ್ತುವಷ್ಟರಲ್ಲಿ ಚಕ್ರ ಜಾರುತ್ತಿದೆ ಎನ್ನುವ ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿಣುಕಿತು. ಸತತವಾಗಿ ಓಡಿದರೆ ಟೈರು ಒಂದಿಷ್ಟು ಬೆಚ್ಚಗಾಗುತ್ತದೆ ನಿಜ, ಆದರೆ ಅಷ್ಟು ಚಳಿಯಲ್ಲಿ ತಣ್ಣನೆಯ ರಸ್ತೆಯೂ ಗಾಳಿಯೂ ಆ ಶಾಖವನ್ನು ಬೇಗ ಕಿತ್ತುಕೊಳ್ಳುತ್ತವೆ. ನಾಲ್ಕು ಸಿಗ್ನಲ್‌ನಲ್ಲಿ ನಿಂತರೆ ಮತ್ತೆ ಮೊದಲಿನ ಸ್ಥಿತಿಯೇ.

ಸುಮಾರು 7 ಡಿಗ್ರಿಯಿಂದ ಕೆಳಗೆ ಸಮ್ಮರ್ ಟೈರಿನ ಹಿಡಿತ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆ ಅಂಕಿಯನ್ನು ಸ್ವಿಚ್ಚಿನಂತೆ ನೋಡಬಾರದು. 9ರಲ್ಲೇ ಸಣ್ಣಗೆ ಗೊತ್ತಾಗುತ್ತದೆ, 3ರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ಸೊನ್ನೆಗೆ ಬಂದರೆ ಓಡಿಸುವುದೇ ಬೇಡ. ಅದಕ್ಕೂ ಕೆಳಗೆ, ಮೈನಸ್ 7ರ ಆಸುಪಾಸಿನಲ್ಲಿ, ಇನ್ನೊಂದು ಅಪಾಯವಿದೆ: ಹೈ ಪರ್ಫಾರ್ಮೆನ್ಸ್ ಸಮ್ಮರ್ ಟೈರಿನ ಟ್ರೆಡ್ ಬಾಗಿದರೆ ಬಿರುಕು ಬಿಡಬಹುದು. ಹಲವು ತಯಾರಕರು ಅಂಥ ಚಳಿಯಲ್ಲಿ ಓಡಿಸುವುದಿರಲಿ, ಕಾರನ್ನು ಕದಲಿಸಲೂಬೇಡಿ ಎನ್ನುತ್ತಾರೆ. ಹೀಗೆ ಆದ ಬಿರುಕಿಗೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ. ಹೆಪ್ಪುಗಟ್ಟಿದ ಟೈರನ್ನು ರಿಮ್‌ಗೆ ಏರಿಸುವ ಮೊದಲು ಬೆಚ್ಚಗಿನ ಕೋಣೆಯಲ್ಲಿ 24 ಗಂಟೆ ಬಿಡಬೇಕು.

ಮಧ್ಯಾಹ್ನ 21 ಡಿಗ್ರಿಗೆ ಅದೇ ಕಾರು, ಅದೇ ಟೈರು, ಅದೇ ತಿರುವು. ಕುಪ್ಪಳಿಕೆ ಮಾಯ. ಸ್ಟೀರಿಂಗ್ ಎರಡು ಬೆರಳಿನಷ್ಟು ತಿರುಗಿದರೆ ಮೂತಿ ಆಗಲೇ ಒಳಗೆ ಬಂದಿರುತ್ತದೆ. ಆಲ್-ಸೀಸನ್ ಎಷ್ಟೇ ಒಳ್ಳೆಯದಿರಲಿ, ಈ ಚುರುಕು ಅದಕ್ಕೆ ಬಾರದು. ಕಾರಣ ಕೈಗೇ ಸಿಗುತ್ತದೆ. ಹೊಸ ಆಲ್-ಸೀಸನ್ ಟೈರಿನ ಒಂದು ಟ್ರೆಡ್ ಬ್ಲಾಕನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ದೂಡಿ ನೋಡಿ: ಬ್ಲಾಕಿನ ತುಂಬ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸೀಳುಗಳು, ದೂಡಿದಾಗ ಅವು ಬಾಯಿ ಬಿಟ್ಟು ಇಡೀ ಬ್ಲಾಕು ಓಲಾಡುತ್ತದೆ. ಹಿಮವನ್ನು ಕಚ್ಚಿ ಹಿಡಿಯಲು ಆ ಸೀಳುಗಳೇ ಬೇಕು. ಬಿಸಿ ರಸ್ತೆಯ ವೇಗದ ತಿರುವಿನಲ್ಲಿ ಮಾತ್ರ ಅದೇ ಓಲಾಟದಿಂದ ಶಾಖ ಹುಟ್ಟಿ, ಹಿಡಿತ ಎಣ್ಣೆ ಸವರಿದಂತಾಗುತ್ತದೆ. ಟ್ರ್ಯಾಕ್‌ಗೆ ಒಯ್ದರೆ ಕೆಲವೇ ಸುತ್ತಿಗೆ ಬ್ಲಾಕಿನ ಅಂಚು ಚೂರುಚೂರಾಗಿ ಕಿತ್ತು ಬರಬಹುದು. ಸಮ್ಮರ್ ಟೈರಿನ ಬ್ಲಾಕು ದೊಡ್ಡದು, ಸೀಳು ಅತಿ ಕಡಿಮೆ, ದೂಡಿದರೆ ಜಗ್ಗುವುದಿಲ್ಲ.

ಸಂಜೆ ಮಳೆ ಬಂತು, ಹೊರಗೆ 15 ಡಿಗ್ರಿ. ಮಳೆಗೆ ಆಲ್-ಸೀಸನ್ನೇ ಒಳ್ಳೆಯದು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ, ಅದು ತಪ್ಪು. ಹಿತವಾದ ಹವೆಯಲ್ಲಿ ಒದ್ದೆ ರಸ್ತೆಯ ಮೇಲೆ ಬೇಗ ನಿಲ್ಲುವುದು ಸಾಮಾನ್ಯವಾಗಿ ಒಳ್ಳೆಯ ಸಮ್ಮರ್ ಟೈರೇ. ಅದರ ಸಿಲಿಕಾ ಮಿಶ್ರಣ ಒದ್ದೆ ಡಾಂಬರಿಗೂ ಅಂಟುತ್ತದೆ, ಉದ್ದುದ್ದಕ್ಕಿರುವ ಅಗಲದ ತೋಡುಗಳು ನೀರನ್ನು ಹಿಂದಕ್ಕೆ ಸಾಗಿಸುತ್ತವೆ. ಟೈರು ನೀರಿನ ಮೇಲೆ ತೇಲುವ ಪ್ರಶ್ನೆ ಬಂದಾಗ ಹೆಸರಿಗಿಂತ ತೋಡಿನ ಆಳ ಮುಖ್ಯ. ಕಾನೂನಿನ ಕನಿಷ್ಠ ಮಿತಿ ಎಷ್ಟೋ ಕಡೆ 1.6 ಮಿ.ಮೀ. ಇದ್ದರೂ, ಅಗಲ ಟೈರಿನ ಈ ಕಾರುಗಳಿಗೆ 3 ಮಿ.ಮೀ.ಗೆ ಬಂದಾಗಲೇ ಜೋರು ಮಳೆಯಲ್ಲಿ ವೇಗ ಇಳಿಸಬೇಕು. ಅಂದು 4 ಮಿ.ಮೀ. ಇದ್ದುದರಿಂದ ನಿಂತ ನೀರಿನಲ್ಲಿ ಸ್ಟೀರಿಂಗ್ ಆಗಾಗ ಹಗುರಾಯಿತು, ಕೈ ತಪ್ಪಲಿಲ್ಲ.

ಹಾಗಾದರೆ ಹಾಕಿದ್ದು ಯಾವುದು? ಕಾರು ದಿನಾ ಬೆಳಗ್ಗೆ ಆರೂವರೆಗೆ ಹೊರಡುವಂಥದ್ದು, ಮುಂದಿನ ಕೆಲವು ತಿಂಗಳು ಮುಂಜಾವು 0ಯಿಂದ 7ರ ನಡುವೆ, ಅಪರೂಪಕ್ಕೆ ತೆಳು ಹಿಮ, ರಿಮ್ ಇರುವುದು ಒಂದೇ ಸೆಟ್. ಅದಕ್ಕೆ ಆಲ್-ಸೀಸನ್ ಸರಿ. ಮುಂಜಾವು 7ಕ್ಕಿಂತ ಕೆಳಗಿಳಿಯದ ಊರಿನಲ್ಲಾದರೆ ಸಮ್ಮರ್ ಬಿಟ್ಟು ಬೇರೆ ಯೋಚನೆಯೇ ಬೇಕಿಲ್ಲ. ವಾರಗಟ್ಟಲೆ ಹಿಮ, ಮಂಜುಗಡ್ಡೆ ಇರುವಲ್ಲಿ ಆಲ್-ಸೀಸನ್ ಸಾಲದು. ಸಮ್ಮರ್ ಒಂದು ಸೆಟ್, ವಿಂಟರ್ ಒಂದು ಸೆಟ್ ಇಡಬೇಕು. ಎರಡು ಸಮ್ಮರ್, ಎರಡು ಆಲ್-ಸೀಸನ್ ಹಾಕುವುದು ಮಾತ್ರ ಎಲ್ಲಿಯೂ ಬೇಡ. ಚಳಿಯಲ್ಲಿ ಹಿಂದಿನ ಜೋಡಿ ಸಮ್ಮರ್ ಆಗಿದ್ದರೆ ತಿರುವಿನ ನಡುವೆ ಬಾಲ ಹೊರಗೆ ಹೋಗುತ್ತದೆ, ಮುಂದಿನದಾದರೆ ಕಾರು ತಿರುಗುವುದೇ ಇಲ್ಲ.

ಕೊಳ್ಳುವಾಗ ಪಕ್ಕದ ಗೋಡೆಯ ಬರಹ ಓದಿ. ಟ್ರೆಡ್‌ವೇರ್ ಅಂಕಿ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಸಮ್ಮರ್ ಟೈರಿಗೆ 300, ಅದೇ ಕಂಪನಿಯ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4ಕ್ಕೆ 540. ಹೆಚ್ಚಿದ್ದಷ್ಟೂ ನಿಧಾನ ಸವೆತ. ಆದರೆ ಈ ಅಂಕಿ ಕೊಡುವವರು ತಯಾರಕರೇ ಆದ್ದರಿಂದ ಒಂದೇ ಕಂಪನಿಯ ಟೈರುಗಳ ನಡುವೆ ಹೋಲಿಸಿದರೆ ಮಾತ್ರ ಭರವಸೆ. ಟ್ರ್ಯಾಕ್ಷನ್ 'ಎಎ' ಎಂಬುದು ಒದ್ದೆ ನೆಲದ ನೇರ ಬ್ರೇಕಿಂಗ್‌ಗೆ ಸೇರಿದ್ದು, ತಿರುವಿಗೂ ಹಿಮಕ್ಕೂ ಸಂಬಂಧವಿಲ್ಲ. 'ಎಂ+ಎಸ್' ಹೇಳುವುದು ಟ್ರೆಡ್ಡಿನ ವಿನ್ಯಾಸವನ್ನಷ್ಟೇ. ಹಿಮದ ಪರೀಕ್ಷೆ ಪಾಸಾದ ಟೈರಿಗೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರುತ್ತದೆ. 'ಡಾಟ್' (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ, ವರ್ಷ: 2324 ಎಂದರೆ 2024ರ 23ನೇ ವಾರ. ಲೋಡ್, ಸ್ಪೀಡ್ ಗುರುತು ಕಾರಿನ ಕೈಪಿಡಿಯಲ್ಲಿರುವುದಕ್ಕಿಂತ ಕಡಿಮೆ ಇರಬಾರದು. ಈ ಕಾರಿಗೆ ಬೇಕಿದ್ದು 97ವೈ, ಅಂದರೆ ಟೈರಿಗೆ 730 ಕೆ.ಜಿ., ಗಂಟೆಗೆ 300 ಕಿ.ಮೀ.

ಫಿಟ್ಟಿಂಗ್‌ನಲ್ಲಿ ಕಣ್ಣಿಡಬೇಕಾದ್ದು 'ಹೊರಬದಿ' ಎಂಬ ಗುರುತು ಹೊರಗೇ ಬಂದಿದೆಯೇ ಎಂದು. ತಿರುವುಮುರುವಾದರೂ ಟೈರು ಉರುಳುತ್ತದೆ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ನಟ್ಟನ್ನು ಏರ್ ಗನ್ನಿನಿಂದ ಬಿಗಿದು ಕೈಬಿಡದೆ, ಕೈಪಿಡಿಯ ಅಳತೆಗೆ ಟಾರ್ಕ್ ರೆಂಚಿನಲ್ಲಿ, ಎದುರುಬದುರಾಗಿ ಮುಗಿಸಬೇಕು; ಸುಮಾರು 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಅಲೈನ್‌ಮೆಂಟ್ ಅದೇ ದಿನ ಆಗಲಿ, ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದ್ದರೆ ಹೊಸ ಟೈರಿನ ಒಳ ಅಂಚು ಗೊತ್ತಾಗದಂತೆ ಸವೆಯುತ್ತದೆ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಮೇಲ್ಮೈಯಲ್ಲಿ ಉಳಿದಿರುವುದರಿಂದ ಮೊದಲ ಕೆಲವು ನೂರು ಕಿ.ಮೀ. ನಿಧಾನವೇ ಸರಿ.

ಬಿಚ್ಚಿದ ಸಮ್ಮರ್ ಟೈರುಗಳಲ್ಲಿ 4 ಮಿ.ಮೀ. ಇನ್ನೂ ಇದೆ, ಎಸೆಯಬಾರದು. ತೊಳೆದು ಒಣಗಿಸಿ, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಎಡ-ಮುಂದೆ, ಬಲ-ಹಿಂದೆ ಎಂದು ಬರೆದು, ಕಪ್ಪು ಚೀಲದಲ್ಲಿ ಕಟ್ಟಿ, ಬಿಸಿಲೂ ಹೆಪ್ಪುಗಟ್ಟುವ ಚಳಿಯೂ ತಾಗದ ಕೋಣೆಯಲ್ಲಿ ನಿಲ್ಲಿಸಿಡಬೇಕು. ರಿಮ್ ಇಲ್ಲದ ಟೈರನ್ನು ಒಂದರ ಮೇಲೊಂದು ಪೇರಿಸಬಾರದು. ಪಕ್ಕದಲ್ಲಿ ವೆಲ್ಡಿಂಗ್ ಯಂತ್ರವೋ ಮೋಟಾರೋ ಓಡುತ್ತಿದ್ದರೆ ಜಾಗ ಬದಲಿಸಿ. ಅವುಗಳ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಸೀಳುತ್ತದೆ.